ಬಜೆಟ್‌ನಲ್ಲಿ ಹವಳದ ಟ್ಯಾಂಕ್: ಚಿಕ್ಕದು ತಗೊಳ್ಳೋದಾ, ಎರಡಡಿಯದಾ?

ನನ್ನ ಮೊದಲ ಉಪ್ಪುನೀರಿನ ಟ್ಯಾಂಕ್ 20 ಲೀಟರಿನದು. ಮನೆ ಚಿಕ್ಕದು, ಕೈಯಲ್ಲಿರೋ ದುಡ್ಡೂ ಕಮ್ಮಿ, ಹಾಗಾಗಿ ಟ್ಯಾಂಕೂ ಚಿಕ್ಕದೇ ಇರಲಿ ಅಂದುಕೊಂಡಿದ್ದೆ. ದಸರಾ ರಜೆಗೆ ಐದು ದಿನ ಊರಿಗೆ ಹೋಗಿ ಬಂದು ಬಾಗಿಲು ತೆಗೆದರೆ, ನೀರು ಎರಡು ಬೆರಳು ಇಳಿದಿತ್ತು. ಗಾಜಿನ ಅಂಚಿಗೆ ಉಪ್ಪು ಬೆಳ್ಳಗೆ ಕಟ್ಟಿಕೊಂಡಿತ್ತು. ಮಶ್ರೂಮ್ ಹವಳಗಳು ಮುದುಡಿ ಅಂಗಿಯ ಗುಂಡಿಯಷ್ಟಾಗಿದ್ದವು. ಇದ್ದ ಒಂದೇ ಮೀನು ಮೂಲೆಯಲ್ಲಿ ಬಾಯಿ ತೆರೆದುಕೊಂಡು ಉಸಿರಾಡುತ್ತಿತ್ತು.

ಆಗಿದ್ದು ಇಷ್ಟೇ. ನೀರು ಆವಿಯಾಗಿ ಆರಿಹೋಗುತ್ತದೆ, ಉಪ್ಪು ಆರಿಹೋಗುವುದಿಲ್ಲ. 20 ಲೀಟರ್ ಟ್ಯಾಂಕಿನಲ್ಲಿ ಕಲ್ಲು, ಮರಳು ಹಾಕಿದ ಮೇಲೆ ನಿಜವಾಗಿ ಇರುವ ನೀರು ಸುಮಾರು 16 ಲೀಟರ್. ದಿನಕ್ಕೆ 400 ಮಿಲಿ ಆರಿದರೂ ಐದು ದಿನಕ್ಕೆ 2 ಲೀಟರ್ ಹೋಯಿತು. ಒಂದು ಲೀಟರಿಗೆ 35 ಗ್ರಾಂ ಇದ್ದ ಉಪ್ಪು 40 ಗ್ರಾಂ ಆಯಿತು. ಅದೇ ಎರಡಡಿ ಟ್ಯಾಂಕಿನಲ್ಲಿ 75 ಲೀಟರ್ ನೀರಿದ್ದು, ದಿನಕ್ಕೆ ಒಂದು ಲೀಟರ್ ಆರಿದರೂ ಐದು ದಿನದ ಕೊನೆಗೆ 37.5 ಗ್ರಾಂ ಆಗುತ್ತಿತ್ತು. ಅದು ಒಳ್ಳೆಯದಲ್ಲ, ಆದರೆ ಜೀವ ಹೋಗುವಂಥದ್ದೂ ಅಲ್ಲ.

ಅದಕ್ಕೇ ಯಾರಾದರೂ "ಬಜೆಟ್ ಕಮ್ಮಿ, ಸುಮ್ನೆ ಒಂದು ಚಿಕ್ಕದು ಸಾಕು" ಅಂದರೆ ನಾನು ತಡೆಯುತ್ತೇನೆ. ಗಾಜು ಅಗ್ಗ. ದುಡ್ಡು ಹೋಗುವುದು ನೀರಿಗೆ, ಬೆಳಕಿಗೆ, ಆಮೇಲೆ ಸತ್ತಿದ್ದರ ಜಾಗಕ್ಕೆ ಮತ್ತೆ ತರುವುದಕ್ಕೆ.

ಮೊದಲು ಒಳಗೆ ಯಾರು ಅಂತ ಹೇಳಿ

ಟ್ಯಾಂಕ್ ಆರಿಸುವುದಕ್ಕೂ ಮುಂಚೆ ಅದರಲ್ಲಿ ಏನು ಸಾಕುತ್ತೀರಿ ಅನ್ನುವುದು ಗೊತ್ತಿರಬೇಕು. ಇಲ್ಲಿ ದುಡ್ಡಿನ ಜೊತೆಗೆ ಕಾನೂನಿನ ಮಾತೂ ಬರುತ್ತದೆ. ಹೊರದೇಶದ ವಿಡಿಯೋ ನೋಡಿ ಟ್ಯಾಂಕ್ ಇಡುವವರು ಈ ಮಾತನ್ನು ತುಂಬ ಸಲ ಕೇಳಿಯೇ ಇರುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 2001ರಲ್ಲಿ ಅದರ ಮೊದಲನೇ ಪಟ್ಟಿಗೆ, ಅಂದರೆ ಹುಲಿ ಇರುವ ಪಟ್ಟಿಗೇ, ಬಂಡೆ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದರು. ಜೊತೆಗೆ ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಫೈರ್ ಕೋರಲ್, ಸೀ ಫ್ಯಾನ್ ಕೂಡ ಸೇರಿದವು. ಸಮುದ್ರ ಕುದುರೆ, ಸಮುದ್ರ ಸೌತೆಗೂ ರಕ್ಷಣೆ ಇದೆ. ಹವಳ ಸತ್ತು ಬರೀ ಅಸ್ಥಿ ಉಳಿದಿದ್ದರೂ ಕಾಯ್ದೆ ಬಿಡುವುದಿಲ್ಲ. ಕಡಲ ತೀರದಿಂದ ಚೆಂದದ ಬಿಳಿ ಹವಳದ ತುಂಡು ಎತ್ತಿಕೊಂಡು ಬಂದು ಟ್ಯಾಂಕಿಗೆ ಇಡುವ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ. 2022ರ ತಿದ್ದುಪಡಿ ಆದ ಮೇಲೆ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ (ಸೈಟ್ಸ್) ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಸಾಕುವವರು ನೋಂದಣಿಯನ್ನೂ ಮಾಡಿಸಬೇಕು.

ಇದು ಬಜೆಟ್‌ನವರಿಗೆ ಕೆಟ್ಟ ಸುದ್ದಿ ಏನಲ್ಲ. ಗಟ್ಟಿ ಹವಳಕ್ಕೆ ಬೇಕಾದ ಭಾರೀ ಲೈಟು, ದಿನಾ ಕ್ಯಾಲ್ಸಿಯಂ ಹನಿಸುವ ಪಂಪು, ಪದೇ ಪದೇ ಮಾಡುವ ಟೆಸ್ಟು, ಇಷ್ಟೂ ತಪ್ಪಿತು. ಉಳಿಯುವುದು ಮೆತ್ತನೆಯ ಹವಳಗಳು: ಮಶ್ರೂಮ್, ಝೊವಾಂತಿಡ್, ಲೆದರ್, ಝೀನಿಯಾ. ಮೇಲೆ ಹೇಳಿದ ಹೆಸರುಗಳಲ್ಲಿ ಇವಿಲ್ಲ. ಆದರೂ ಎಲ್ಲಿಂದ ಬಂದದ್ದು ಅಂತ ಬರೆದ ಬಿಲ್ ಕೇಳಿ ಇಸ್ಕೊಳ್ಳಿ. ಬಿಲ್ ಅಂದ ಕೂಡಲೇ ಅಂಗಡಿಯವರ ಮುಖ ಗಂಟಾದರೆ ಬೇರೆ ಅಂಗಡಿ ನೋಡಿ. ಝೀನಿಯಾ ಅಂತೂ ನೋಡೋಕೇ ಖುಷಿ. ಪುಟ್ಟ ಪುಟ್ಟ ಕೈಗಳು ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ, ದಿನವಿಡೀ ನಡೆದೇ ಇರುತ್ತದೆ.

ಝೊವಾಂತಿಡ್ ಬಗ್ಗೆ ಒಂದು ಎಚ್ಚರಿಕೆ. ಇದರ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಘೋರ ವಿಷ ಇದೆ. ಕತ್ತರಿಸುವಾಗ, ಜಾಗ ಬದಲಿಸುವಾಗ ಕೈಗವಸು, ಕನ್ನಡಕ ಇರಲಿ. ಅದು ಅಂಟಿರುವ ಕಲ್ಲನ್ನು ಸ್ವಚ್ಛ ಮಾಡುತ್ತೇನೆ ಅಂತ ಬಿಸಿನೀರಲ್ಲಿ ಕುದಿಸಲೇಬೇಡಿ. ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ಆಗಿವೆ.

ನಾಲ್ಕು ದಾರಿ

20 ಲೀಟರಿನ ಪುಟಾಣಿ. ಮೇಜಿನ ಮೇಲೆ ಇಡಬಹುದು, ನೋಡೋಕೆ ಮುದ್ದಾಗಿರುತ್ತದೆ. ಆದರೆ ನೀರು ಕಮ್ಮಿ ಅಂದರೆ ಎಲ್ಲವೂ ಬೇಗ ಬದಲಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕೋಣೆ ಕಾದರೆ ಅದರ ಹಿಂದೆಯೇ ನೀರೂ ಕಾಯುತ್ತದೆ. ಒಂದು ಬಸವನಹುಳು ಸತ್ತು ಕಲ್ಲಿನ ಹಿಂದೆ ಬಿದ್ದಿದ್ದರೆ ಸಾಕು, ಅಮೋನಿಯಾ ಏರಿಬಿಡುತ್ತದೆ. ಇದರಲ್ಲಿ ಮೀನು ಬೇಡ. ನಾನು ಹಾಕಿದ್ದೇ ತಪ್ಪು. ಒಂದು ಸೀಗಡಿ, ನಾಲ್ಕು ಮಶ್ರೂಮ್, ಅಷ್ಟಕ್ಕೇ ಚೆಂದ. ಇನ್ನು ಉಳಿತಾಯದ ವಿಷಯ. ಉಪ್ಪಿನಲ್ಲಿ ತಿಂಗಳಿಗೆ ಒಂದು ಕಿಲೋಗಿಂತ ಸ್ವಲ್ಪ ಕಮ್ಮಿ ಉಳಿಯುತ್ತದೆ, ಅಷ್ಟೇ. ನೀರು ಶುದ್ಧ ಮಾಡುವ ಯಂತ್ರ, ಉಪ್ಪಿನಂಶ ಅಳೆಯುವ ಸಾಧನ, ಟೆಸ್ಟ್ ಕಿಟ್, ಇವೆಲ್ಲ ದೊಡ್ಡ ಟ್ಯಾಂಕಿಗೆ ಬೇಕಾದಷ್ಟೇ ಇದಕ್ಕೂ ಬೇಕು.

ಆಲ್ ಇನ್ ಒನ್. ಗಾಜಿನ ಹಿಂಭಾಗದಲ್ಲೇ ಫಿಲ್ಟರ್ ಕೋಣೆ ಇರುವ, 50–60 ಲೀಟರಿನ ರೆಡಿ ಟ್ಯಾಂಕ್. ಪೈಪು, ತೂಗುಹಾಕುವ ಡಬ್ಬ ಏನೂ ಕಣ್ಣಿಗೆ ಕಾಣುವುದಿಲ್ಲ. ಹಾಲ್‌ನಲ್ಲಿ ಇಡೋದಾದರೆ, ಮನೆಯಲ್ಲಿ "ಇದೇನು ಗಲೀಜು" ಅನ್ನುವವರಿದ್ದರೆ, ಇದು ಸರಿ. ಎರಡು ತಕರಾರು ಇವೆ. ಆ ಹಿಂದಿನ ಕೋಣೆಗೆ ಕೈ ಹೋಗುವುದಿಲ್ಲ, ಅಡಿಯಲ್ಲಿ ಕೆಸರು ಕೂತರೆ ತೆಗೆಯುವುದು ಕಷ್ಟ. ಇನ್ನೊಂದು, ಜೊತೆಗೆ ಬರುವ ಲೈಟು ಮತ್ತು ಪಂಪು ಎಷ್ಟೋ ಸಲ ಹೆಸರಿಗಷ್ಟೇ. ಪ್ಯಾಕೇಜ್ ಬೆಲೆ ಕೊಟ್ಟು ಆರು ತಿಂಗಳಿಗೆ ಲೈಟು ಬದಲಿಸಿದರೆ ಅದು ಎರಡು ಸಲದ ಖರ್ಚು. ಲೈಟ್ ಇಲ್ಲದೆ ಬರೀ ಟ್ಯಾಂಕ್ ಕೊಡುತ್ತೀರಾ ಅಂತ ಕೇಳಿ ನೋಡಿ.

ಗಾಜಿನವರಲ್ಲಿ ಮಾಡಿಸಿದ ಎರಡಡಿ ಟ್ಯಾಂಕ್. ನನ್ನ ಆಯ್ಕೆ ಇದೇ. ಎರಡಡಿ ಉದ್ದ, 15 ಇಂಚು ಅಗಲ, 15 ಇಂಚು ಎತ್ತರ, 8 ಮಿಮೀ ಗಾಜು. ಲೆಕ್ಕಕ್ಕೆ 88 ಲೀಟರ್, ನಿಜವಾಗಿ ನಿಲ್ಲುವ ನೀರು 75 ಲೀಟರ್ ಆಸುಪಾಸು. ಅಂಚಿಗೆ ತೂಗುಹಾಕುವ ಫಿಲ್ಟರ್ ಒಂದು, ನೀರು ಕದಡುವ ಪುಟ್ಟ ವೇವ್‌ಮೇಕರ್ ಒಂದು. ನೋಡೋಕೆ ಸ್ವಲ್ಪ ಒರಟು, ನಿಜ. ಆದರೆ ಯಾವ ಭಾಗ ಕೆಟ್ಟರೂ ಅದೊಂದನ್ನೇ ಬದಲಿಸಬಹುದು. ಅಗಲ 15 ಇಂಚು ಇರಲೇಬೇಕು. ಒಂದಡಿ ಅಗಲಕ್ಕೆ ಒಪ್ಪಿಕೊಂಡರೆ ಕಲ್ಲು ಗೋಡೆಗೆ ಒರಗಿಸಿದ ಹಾಗೆ ಕಾಣುತ್ತದೆ, ಹಿಂದೆ ಮೀನು ಓಡಾಡೋಕೆ ಜಾಗವೇ ಇರುವುದಿಲ್ಲ. ಅಂಗಡಿಯಲ್ಲಿ ಸಿಲಿಕೋನ್ ಯಾವುದು ಅಂತಲೂ ಕೇಳಿ. ಶಿಲೀಂಧ್ರನಾಶಕ ಬೆರೆಸಿದ, ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಆಗದು.

ಭಾರದ ಕಡೆ ಗಮನ ಇರಲಿ. ಗಾಜು 20 ಕಿಲೋ, ಉಪ್ಪುನೀರು 77 ಕಿಲೋ, ಕಲ್ಲು ಮರಳು ಸೇರಿ ಇನ್ನೊಂದು 20 ಕಿಲೋ. ಹತ್ತಿರ ಹತ್ತಿರ 120 ಕಿಲೋ. ಟಿವಿ ಇಡುವ ಪಾರ್ಟಿಕಲ್ ಬೋರ್ಡ್ ಸ್ಟ್ಯಾಂಡ್ ಇದನ್ನು ಹೊರುವುದಿಲ್ಲ, ನೀರು ಚೆಲ್ಲಿದರೆ ಉಬ್ಬಿಯೂ ಹೋಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಎರಡು ಕೋಟ್ ಬಣ್ಣ ಹೊಡೆಸಿ. ಉಪ್ಪುನೀರು ತಾಗಿದ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಸಂಪ್ ಇರುವ ಟ್ಯಾಂಕ್. ಸಂಪ್ ಅಂದರೆ ಬೆಂಗಳೂರಿನವರಿಗೆ ಮನೆ ಮುಂದಿನ ನೀರಿನ ಗುಂಡಿಯೇ ನೆನಪಾಗುವುದು. ಇದು ಅದಲ್ಲ. ಸ್ಟ್ಯಾಂಡಿನ ಒಳಗೆ ಇಡುವ ಎರಡನೇ ಟ್ಯಾಂಕ್ ಇದು. ಮೇಲಿನ ನೀರು ಪೈಪಿನಲ್ಲಿ ಇಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ನೀರಿನ ಪ್ರಮಾಣ ಹೆಚ್ಚುತ್ತದೆ, ಸಾಮಾನೆಲ್ಲ ಕೆಳಗೆ ಅಡಗುತ್ತದೆ. ಮೂರು ನಾಲ್ಕು ಅಡಿ ಟ್ಯಾಂಕಿಗೆ ಇದೇ ಸರಿ. ಎರಡಡಿಗೆ, ಅದೂ ಮೊದಲ ಸಲಕ್ಕೆ, ಬೇಡ ಅನ್ನುತ್ತೇನೆ. ಕರೆಂಟ್ ಹೋದಾಗ ಮೇಲಿನ ನೀರು ಕೆಳಗಿಳಿಯುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಬಿಟ್ಟಿರದಿದ್ದರೆ ಹಾಲ್ ಪೂರ್ತಿ ಉಪ್ಪುನೀರು. ಬಾಡಿಗೆ ಮನೆಯಾದರೆ ಓನರ್ ಜೊತೆ ಆಮೇಲಿನ ಮಾತುಕತೆ ನೀವೇ ಊಹಿಸಿಕೊಳ್ಳಿ. 20 ವ್ಯಾಟಿನ ಪಂಪು ಹಗಲೂ ರಾತ್ರಿ ಓಡಿದರೆ ಅದೊಂದಕ್ಕೇ ತಿಂಗಳಿಗೆ 14 ಯೂನಿಟ್‌ಗಿಂತ ಜಾಸ್ತಿ. ತೂಗುಹಾಕುವ 6 ವ್ಯಾಟಿನ ಫಿಲ್ಟರಿಗೆ 4 ಯೂನಿಟ್ ಚಿಲ್ಲರೆ ಸಾಕು.

ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಈ ಅಳತೆಗೆ ಬೇಡ. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿ, ಅದೇ ಸ್ಕಿಮ್ಮರ್.

ನೀರಿನ ಕತೆ

ಟ್ಯಾಂಕ್ ಯಾವುದೇ ಆಗಲಿ, ನೀರಿನಲ್ಲಿ ಉಳಿಸೋಕೆ ಹೋದವರೇ ಕೈ ಸುಟ್ಟುಕೊಂಡಿದ್ದಾರೆ. ನಾನೂ ಅವರಲ್ಲೊಬ್ಬ.

ಎರಡನೇ ಟ್ಯಾಂಕ್ ಇಟ್ಟಾಗ ಅಡುಗೆಮನೆಯ ಆರ್‌ಓ ನೀರನ್ನೇ ಬಳಸಿದೆ. ಕುಡಿಯೋಕೆ ಆಗುವ ನೀರು ಮೀನಿಗೆ ಆಗೋದಿಲ್ವಾ ಅಂತ. ಎರಡು ತಿಂಗಳಾಗುವಷ್ಟರಲ್ಲಿ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ. ಬೆರಳಿಗೆ ಸುತ್ತಿ ಕಿತ್ತರೆ ಮರುವಾರ ಅಷ್ಟೇ ಬೆಳೆದಿರುತ್ತಿತ್ತು. ಕೊನೆಗೆ ನೀರಲ್ಲಿ ಕರಗಿರುವ ಲವಣ ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ತಂದು ಲೋಟಕ್ಕೆ ಅದ್ದಿದೆ: 64. ಮನೆಯ ಎಷ್ಟೋ ಆರ್‌ಓಗಳಲ್ಲಿ ರುಚಿಗಾಗಿ ಸ್ವಲ್ಪ ಹಸಿ ನೀರನ್ನೋ ಲವಣವನ್ನೋ ಮತ್ತೆ ಬೆರೆಸುತ್ತಾರೆ. ನಮ್ಮ ನಾಲಿಗೆಗೆ ಅದು ಒಳ್ಳೇದೇ, ಪಾಚಿಗೂ ಒಳ್ಳೇದೇ. ಹವಳದ ಟ್ಯಾಂಕಿಗೆ ಮೀಟರ್ ಸೊನ್ನೆ ತೋರಿಸಬೇಕು. ಅದಕ್ಕೆ ಆರ್‌ಓ ಆದಮೇಲೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಯೂನಿಟ್ ಬೇಕು. ಬೋರ್‌ವೆಲ್ ನೀರಿನ ಬಡಾವಣೆಯಲ್ಲಿ ಆ ರೆಸಿನ್ ಬೇಗ ಸವೆಯುತ್ತದೆ, ಕಾವೇರಿ ನೀರಿದ್ದರೆ ಜಾಸ್ತಿ ದಿನ ಬಾಳುತ್ತದೆ. ಎರಡಡಿ ಟ್ಯಾಂಕಿಗೆ ಆರಿದ್ದನ್ನು ತುಂಬಲು ತಿಂಗಳಿಗೆ 30 ಲೀಟರ್, ಬದಲಿಸಲು ಇನ್ನೊಂದು 30 ಲೀಟರ್ ಬೇಕು. ಇಷ್ಟನ್ನು ತೆಗೆಯುವಾಗ ಅದರ ಮೂರು ನಾಲ್ಕು ಪಟ್ಟು ನೀರು ಹೊರಗೆ ಹೋಗುತ್ತದೆ. ಅದನ್ನು ನೆಲ ಒರೆಸಲು, ಪಾಯಿಖಾನೆಗೆ ಹಿಡಿದಿಡಿ. ಟ್ಯಾಂಕರ್ ನೀರು ಕೊಳ್ಳುವ ಅಪಾರ್ಟ್‌ಮೆಂಟಿನವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ.

ಆರಿದ ನೀರಿಗೆ ಯಾವತ್ತೂ ಸಿಹಿ ನೀರನ್ನೇ ಸೇರಿಸಬೇಕು, ಉಪ್ಪುನೀರನ್ನಲ್ಲ. ಹೊಸಬರು ಮಾಡುವ ದೊಡ್ಡ ತಪ್ಪು ಇದು.

ಉಪ್ಪು ಅಂದಾಗ ನೆನಪಾಯಿತು. ಉಡುಪಿಯಲ್ಲಿರುವ ನಮ್ಮ ಮಾವ ಮನೆಗೆ ಬಂದಿದ್ದಾಗ ಉಪ್ಪಿನ ಬಕೆಟ್ ಮೇಲಿನ ಬೆಲೆ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. "ಎಂತ ಮಾರಾಯ, ಉಪ್ಪುನೀರಿಗೂ ದುಡ್ಡು ಕೊಡುವುದಾ? ಮಲ್ಪೆಯಲ್ಲಿ ಬೇಕಾದಷ್ಟು ಉಂಟಲ್ಲ!" ಅವರ ಮಾತು ತಮಾಷೆ ಅಂತ ತಳ್ಳಿಹಾಕುವಂಥದ್ದಲ್ಲ. ಒಳ್ಳೆಯ ಕಡಲ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಮಳೆಗಾಲದಲ್ಲಿ ಹೊಳೆಗಳೆಲ್ಲ ತುಂಬಿ ಬಂದು ಸಮುದ್ರ ಸೇರುವ ಕಡೆ ನೀರು ಸಪ್ಪೆಯಾಗಿರುತ್ತದೆ. ಬಂದರಿನ ಹತ್ತಿರವಾದರೆ ದೋಣಿಯ ಡೀಸೆಲ್ ಕೂಡ ಇರುತ್ತದೆ. ದಡದಿಂದ ದೂರದ, ಬೇಸಿಗೆಯ ತಿಳಿ ನೀರು ತರುವ ಅನುಕೂಲ ಇದ್ದವರು ಉಪ್ಪಿನಂಶ ಅಳೆದು ಬಳಸಲಿ. ಬೆಂಗಳೂರಿಗೆ 75 ಲೀಟರ್ ಕ್ಯಾನ್ ಹೊತ್ತು ರಾತ್ರಿ ಬಸ್ ಹತ್ತುವ ಯೋಚನೆ ಮಾತ್ರ ಬಿಡಿ.

ಅಡುಗೆ ಉಪ್ಪೂ ಆಗುವುದಿಲ್ಲ. ಅದು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಸೇರಿರುತ್ತದೆ. ಟ್ಯಾಂಕಿಗೆಂದೇ ಮಾಡಿದ ಉಪ್ಪು ಲೀಟರಿಗೆ ಸುಮಾರು 36 ಗ್ರಾಂ ಬೇಕು. ಮೊದಲ ಸಲಕ್ಕೆ 2.7 ಕಿಲೋ, ಆಮೇಲೆ ವಾರಕ್ಕೆ 270 ಗ್ರಾಂ. ಅಳೆಯುವುದಕ್ಕೆ ಮುಳ್ಳು ತಿರುಗುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಬೇಡ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ನೀಲಿ ಬಿಳಿ ಸೇರುವ ಗೆರೆ ಸಾಂದ್ರತೆಯ ಅಳತೆಯಲ್ಲಿ 1.025ರ ಹತ್ತಿರ ನಿಲ್ಲಬೇಕು.

ನೂರು ರೂಪಾಯಿ ಹೇಗೆ ಹಂಚುವುದು

ಬೆಲೆ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹಾಗಾಗಿ ಪಾಲಿನಲ್ಲಿ ಹೇಳುತ್ತೇನೆ. ಕೈಯಲ್ಲಿ ನೂರಿದ್ದರೆ ಟ್ಯಾಂಕ್ ಮತ್ತು ಸ್ಟ್ಯಾಂಡಿಗೆ 25, ಲೈಟಿಗೆ 20, ಆರ್‌ಓ–ಡಿಐಗೆ 15, ಕಲ್ಲು, ಮರಳು, ಮೊದಲ ಉಪ್ಪಿಗೆ 15, ಫಿಲ್ಟರ್, ವೇವ್‌ಮೇಕರ್, ಫ್ಯಾನಿಗೆ 10, ಅಳೆಯುವ ಸಾಮಾನಿಗೆ 10. ಉಳಿದ 5 ಜೀವಿಗಳಿಗೆ. ಅಷ್ಟೇನಾ ಅಂತೀರಾ? ಮೊದಲ ಐದಾರು ವಾರ ಒಳಗೆ ಏನೂ ಬಿಡುವಂತಿಲ್ಲ. ವಿಷವಾದ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಬೆಳೆಯಬೇಕು. ಅಷ್ಟರಲ್ಲಿ ಇನ್ನೊಂದು ಸಂಬಳ ಬಂದಿರುತ್ತದೆ.

ಕಲ್ಲು ಸಿರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ್ದು ಸಾಕು, ಆರೇಳು ಕಿಲೋ. ಲೈಟಿಗೆ ನೀಲಿ, ಬಿಳಿ ಎರಡೂ ಇರುವ, ಮಂದ ಮಾಡಲು ಬರುವ ಎಲ್‌ಇಡಿ. ಮೆತ್ತನೆ ಹವಳಕ್ಕೆ 50 ವ್ಯಾಟ್ ಧಾರಾಳ. ದಿನಕ್ಕೆ 8 ಗಂಟೆ ಉರಿಸಿದರೆ ತಿಂಗಳಿಗೆ 12 ಯೂನಿಟ್. ವೈರುಗಳನ್ನು ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬೀಳುವ ಹಾಗೆ ಬಿಡಿ. ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕಲಿ, ಪ್ಲಗ್ಗಿಗೆ ಹೋಗುವುದು ಬೇಡ.

ಊರು ಯಾವುದು?

ನೀರು 25–27 ಡಿಗ್ರಿ ಇರಬೇಕು. ಹೊರದೇಶದ ಪಟ್ಟಿಗಳಲ್ಲಿ ಮೊದಲು ಹೀಟರ್ ಬರೆದಿರುತ್ತಾರೆ. ನಮಗೆ ಏಪ್ರಿಲ್ ದಾಟಿಸುವುದೇ ಪಾಡು. ಬೆಂಗಳೂರು, ಮೈಸೂರಿನಲ್ಲಿ ನೀರಿನ ಮೇಲೆ ಬೀಸುವ ಒಂದು ಚಿಕ್ಕ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಮಂಗಳೂರಿನಲ್ಲಿ ಗಾಳಿಯೇ ಒದ್ದೆ, ನೀರು ಬೇಗ ಆರುವುದಿಲ್ಲ, ಹಾಗಾಗಿ ಫ್ಯಾನಿಂದ ಅಷ್ಟು ಪ್ರಯೋಜನ ಇಲ್ಲ. ರಾಯಚೂರು, ಕಲಬುರಗಿಯಲ್ಲಿ ಒಣ ಗಾಳಿಗೆ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕೋಣೆಯೇ ಕಾದ ಬಾಣಲೆ. ದಿನಾ ಎರಡು ಮೂರು ಲೀಟರ್ ತುಂಬಬೇಕಾದೀತು. ಕರಾವಳಿ ಮತ್ತು ಕಲ್ಯಾಣ ಕರ್ನಾಟಕದವರು ನೀರು ತಣ್ಣಗೆ ಮಾಡುವ ಚಿಲ್ಲರ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. 150 ವ್ಯಾಟ್ ಎಳೆಯುವ ಚಿಲ್ಲರ್ ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಇದು ಕೈಗೆ ನಿಲುಕದಿದ್ದರೆ ಹವಳದ ಆಸೆಗೆ ನೇತ್ರಾಣಿ ದ್ವೀಪ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೀರಿಗಿಳಿದು ನೋಡಿಬರಬಹುದು.

ಕರೆಂಟ್ ಹೋಗುವ ಊರಾದರೆ ಬ್ಯಾಟರಿಯಿಂದ ಓಡುವ ಗಾಳಿ ಪಂಪ್ ಒಂದಿರಲಿ. ಮನೆಯಲ್ಲಿ ಯುಪಿಎಸ್ ಇದ್ದರೆ ವೇವ್‌ಮೇಕರ್ ಒಂದನ್ನು ಅದಕ್ಕೆ ಸೇರಿಸಿ. ಲೈಟು ಇಲ್ಲದೆ ಒಂದು ದಿನ ನಡೆಯುತ್ತದೆ, ನೀರು ಕದಡದೆ ನಡೆಯುವುದಿಲ್ಲ.

ಸೆಕೆಂಡ್ ಹ್ಯಾಂಡ್

ದುಡ್ಡು ನಿಜವಾಗಿ ಉಳಿಯುವುದು ಇಲ್ಲಿ. ಮನೆ ಬದಲಿಸುವವರು, ಮಗು ಹುಟ್ಟಿ ಪುರುಸೊತ್ತು ಇಲ್ಲದವರು ಇಡೀ ಸೆಟ್ ಮಾರುತ್ತಾರೆ. ಹೋಗಿ ನೋಡುವಾಗ ಮೊದಲ ಪ್ರಶ್ನೆ: ಇದರಲ್ಲಿ ತಾಮ್ರದ ಔಷಧಿ ಹಾಕಿದ್ದಿರಾ? ಮೀನಿನ ರೋಗಕ್ಕೆ ತಾಮ್ರ ಹಾಕುವುದುಂಟು. ಅದು ಕಲ್ಲಿನಲ್ಲಿ, ಸಿಲಿಕೋನಿನಲ್ಲಿ ಉಳಿದು ಆಮೇಲೆ ಸೀಗಡಿ, ಬಸವನಹುಳು, ಹವಳ ಎಲ್ಲವನ್ನೂ ಕೊಲ್ಲಬಹುದು. ಹೌದು ಅಂದರೆ, ನೆನಪಿಲ್ಲ ಅಂದರೂ, ಸ್ಟ್ಯಾಂಡ್ ಮಾತ್ರ ಕೊಂಡು ಬನ್ನಿ. ಗಾಜು ಸೇರುವ ಮೂಲೆಯನ್ನು ಉಗುರಿನಿಂದ ಸವರಿ ನೋಡಿ, ಸಿಲಿಕೋನ್ ಎದ್ದುಬರಬಾರದು. ಮನೆಗೆ ತಂದು ಬಾಲ್ಕನಿಯಲ್ಲಿ ಎರಡು ದಿನ ನೀರು ತುಂಬಿಟ್ಟು ಆಮೇಲೆ ಹಾಲ್‌ಗೆ ತನ್ನಿ.

ಮೊದಲ ಮೀನು

ಒಂದು ಜೊತೆ ಕ್ಲೌನ್ ಮೀನು. ಎರಡಡಿ ಟ್ಯಾಂಕಿಗೆ ಅಷ್ಟೇ ಸಾಕು. ‘ಫೈಂಡಿಂಗ್ ನೀಮೊ’ ಸಿನಿಮಾ ನೋಡಿದ ಮಕ್ಕಳು ನೀಲಿ ಟ್ಯಾಂಗ್ ಕೇಳುತ್ತಾರೆ, ಅದು ಒಂದಡಿವರೆಗೆ ಬೆಳೆಯುತ್ತದೆ, ಬೇಡ. ಬಣ್ಣಬಣ್ಣದ ಮ್ಯಾಂಡರಿನ್ ಮೀನು ಕೂಡ ಬೇಡ, ಹೊಸ ಟ್ಯಾಂಕಿನಲ್ಲಿ ತಿನ್ನಲು ಸಿಗದೆ ಸೊರಗುತ್ತದೆ. ಕ್ಲೌನ್ ಮೀನನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮದೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಹಾಗೆ ಸಾಕಿದ ಮರಿಯನ್ನೇ ಕೇಳಿ. ಸಮುದ್ರದಿಂದ ಹಿಡಿದದ್ದಕ್ಕಿಂತ ಬೇಗ ಒಗ್ಗುತ್ತದೆ, ಮೀನಿನ ಆಹಾರದ ಕಾಳು ತಿನ್ನುವುದೂ ಅದಕ್ಕೆ ಗೊತ್ತಿರುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಇವೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ, ಜೊತೆಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಒಂದೇ ಅಳತೆಯವು ತಂದರೆ ಯಾರು ದೊಡ್ಡವರು ಅಂತ ತೀರ್ಮಾನ ಆಗುವವರೆಗೂ ಜಗಳ.

ದುಡ್ಡು ಕೊಡುವ ಮುಂಚೆ ಅಂಗಡಿಯವರಿಗೆ "ಅಣ್ಣಾ, ಒಂದು ಚಿಟಿಕೆ ಕಾಳು ಹಾಕಿ ತೋರಿಸಿ" ಅನ್ನಿ. ಮೇಲಕ್ಕೆ ಓಡಿಬಂದು ತಿನ್ನುವುದನ್ನು ಕವರಿಗೆ ಹಾಕಿಸಿ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕಿ ಇರುವ ಮೀನು ಅದೇ ಟ್ಯಾಂಕಿನಲ್ಲಿ ಒಂದಾದರೂ ಕಂಡರೆ, ಅವತ್ತು ಬರಿಗೈಲಿ ಮನೆಗೆ ಬನ್ನಿ.